ಹರಿಗೋಲಿನ ಬಳಗ



ರಜೆ ಬಂದರೆ ಸಮುದ್ರ ತೀರಕ್ಕೆ ಹೋಗಿ, ಅಲ್ಲಿನ ಹೊಳೆ ಹಿನ್ನೀರಿನಲ್ಲಿ ಕಯಾಕ್ ಎಂಬ ಸಣ್ಣ ದೋಣಿ ನಡೆಸುವ ಹವ್ಯಾಸ ಈಗ ನಮ್ಮ ಹುಡುಗರಲ್ಲಿ ಬೆಳೆಯುತ್ತಿದೆ. ಉಡುಪಿ, ಹೊನ್ನಾವರ, ದಾಂಡೇಲಿ ಎಂದು ಹೆಸರು ಹೇಳುತ್ತಾರೆ, ಫೋನಿನಲ್ಲಿ ಚಿತ್ರ ತೋರಿಸುತ್ತಾರೆ. ಮನೂರ್, ನಾರಾಯಣಖೇಡ, ಜಹೀರಾಬಾದ್ ಕಡೆಯ ನಮಗೆ ಸಮುದ್ರ ದೂರ. ಕಯಾಕ್ ಎಂಬ ಮಾತಂತೂ ಇನ್ನೂ ದೂರ. ಹಾಗಿದ್ದರೂ ಈ ವಿಷಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನಗೆ ಅನಿಸಿತು. ಏಕೆಂದರೆ ಈ ದೋಣಿಯ ಚರಿತ್ರೆ ಹುಡುಕುತ್ತಾ ಹೋದರೆ ಅದು ನಮ್ಮ ಹೊಳೆದಂಡೆಯ ಹರಿಗೋಲಿನ ಮನೆಬಾಗಿಲಿಗೇ ಬಂದು ನಿಲ್ಲುತ್ತದೆ. ಎರಡೂ ಒಂದೇ ಬಳಗದವು. ಎರಡೂ ಹೊಟ್ಟೆಪಾಡಿಗಾಗಿ ಹುಟ್ಟಿದವು.

ಮೊದಲು ನಮ್ಮ ಹೊಳೆಯ ಮಾತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟುವ ಮಾಂಜ್ರಾ ನದಿ ಲಾತೂರು, ಬೀದರ್ ಸೀಮೆಗಳನ್ನು ಹಾಯ್ದು ಮನೂರ್ ಭಾಗದಲ್ಲಿ ತೆಲಂಗಾಣಕ್ಕೆ ಕಾಲಿಡುತ್ತದೆ. ತೆಲುಗಿನವರು ಇದನ್ನು ಮಂಜೀರ ಎನ್ನುತ್ತಾರೆ. ಒಟ್ಟು 724 ಕಿಲೋಮೀಟರ್ ಹರಿದು, ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿಯ ಬಳಿ ಗೋದಾವರಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಮರಳಿನ ಮೇಲೆ ನಡೆದು ದಾಟಬಹುದಾದ ಹೊಳೆ ಇದು. ಆದರೆ ಮೃಗಶಿರ ಮಳೆ ಹಿಡಿದ ಮೇಲೆ ಹಾಗಲ್ಲ. ಆಗ ಆಚೆ ದಂಡೆಯ ಊರು ಕಣ್ಣಿಗೆ ಕಾಣಿಸುತ್ತಿದ್ದರೂ ಕಾಲಿಗೆ ಸಿಗುವುದಿಲ್ಲ. ಆ ದಿನಗಳಲ್ಲಿ ಸಂತೆಗೆ ಹೋಗುವವರು, ಬಾಣಂತನಕ್ಕೆ ತವರಿಗೆ ಹೊರಟ ಹೆಣ್ಣುಮಕ್ಕಳು, ಸಾವಿನ ಸುದ್ದಿ ಹೊತ್ತವರು ಎಲ್ಲರೂ ದಂಡೆಗೆ ಬಂದು ಅಂಬಿಗನನ್ನು ಕೂಗಬೇಕಿತ್ತು.

ಹರಿಗೋಲು ಮಾಡುವ ಬಗೆ ನಮ್ಮ ಹಿರಿಯರಿಗೆ ಗೊತ್ತಿತ್ತು. ಬಿದಿರಿನ ಸೀಳುಗಳನ್ನು ಹೆಣೆದು ದೊಡ್ಡ ಬುಟ್ಟಿ ಮಾಡುವುದು, ಅದಕ್ಕೆ ಹೊರಗಿನಿಂದ ಹದ ಮಾಡಿದ ತೊಗಲು ಹೊದಿಸಿ ಬಿಗಿಯಾಗಿ ಹೊಲಿಯುವುದು. ತೊಗಲು ಒಣಗಿ ಬಿರಿಯದಂತೆ ಎಣ್ಣೆ ಕಾಣಿಸುವುದು, ಕೆಲಸ ಮುಗಿದ ಮೇಲೆ ದಂಡೆಗೆಳೆದು ಮಗುಚಿ ಇಡುವುದು. ಇದರಲ್ಲಿ ಮೇದಾರನ ಕೈ, ಸಮಗಾರನ ಕೈ, ಅಂಬಿಗನ ಕೈ ಮೂರೂ ಸೇರಿರುತ್ತಿದ್ದವು. ಮೂವರಲ್ಲಿ ಯಾರೂ ಶ್ರೀಮಂತರಲ್ಲ. ಆದರೆ ಊರಿನ ಶ್ರೀಮಂತನೂ ಹೊಳೆ ದಾಟಬೇಕಾದರೆ ಇವರ ಕೈಕೆಲಸದೊಳಗೇ ಕೂರಬೇಕಿತ್ತು. 12ನೇ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ ತನ್ನ ವಚನಗಳಿಗೆ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ. ದೋಣಿ ನಡೆಸುವವನ ಆ ಧೈರ್ಯ ಎಲ್ಲಿಂದ ಬಂತೆಂಬುದು ಹೊಳೆದಂಡೆಯವರಿಗೆ ಬೇಗ ಅರ್ಥವಾಗುತ್ತದೆ.

ಈ ಬುಟ್ಟಿದೋಣಿಯನ್ನು ಕಂಡು ಪರದೇಶದವರು ಬೆರಗಾಗಿ ಬರೆದಿಟ್ಟಿದ್ದಾರೆ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಹೋಗುವ ಬಗೆಯನ್ನು ವಿವರಿಸುತ್ತಾನೆ. ಬುಟ್ಟಿಯಂತೆ ದುಂಡಗಿನ ದೋಣಿಗಳು, ಒಳಗೆ ಬೆತ್ತ, ಹೊರಗೆ ತೊಗಲು. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂರುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಾರೆ ಎನ್ನುತ್ತಾನೆ. ಹುಟ್ಟು ಹಾಕಿದಂತೆಲ್ಲ ಅವು ಗಿರಗಿರನೆ ತಿರುಗುತ್ತವೆ, ನೇರವಾಗಿ ಹೋಗುವುದಿಲ್ಲ ಎಂಬುದನ್ನೂ ಗಮನಿಸಿದ್ದಾನೆ. 17ನೇ ಶತಮಾನದಲ್ಲಿ ಗೋಲ್ಕೊಂಡ, ವಿಜಾಪುರ ಸೀಮೆಯ ವಜ್ರದ ಗಣಿಗಳನ್ನು ನೋಡಲು ಬಂದ ಫ್ರಾನ್ಸಿನ ರತ್ನವ್ಯಾಪಾರಿ ತವೆರ್ನಿಯೆ ಕೂಡ ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಹೊಳೆ ದಾಟುವ ನಮ್ಮ ಕಡೆಯ ಪದ್ಧತಿಯನ್ನು ಬರೆದಿದ್ದಾನೆ. ಮುಂದೆ 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿ ಮಳೆಗಾಲದ ತುಂಬುಹೊಳೆ ದಾಟಲು ಇಂಥ ಬುಟ್ಟಿದೋಣಿಗಳನ್ನೇ ಮಾಡಿಸಿದ. ಇವನೇ ಮುಂದೆ ವಾಟರ್‌ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್. ಅಂಥವನ ಫಿರಂಗಿ, ಮದ್ದುಗುಂಡುಗಳೂ ಮೇದಾರನ ಬುಟ್ಟಿಗಾಗಿ ಕಾಯಬೇಕಾಯಿತು.

ಈ ವಿದ್ಯೆ ನಮ್ಮದೊಂದೇ ಎಂದು ಹೇಳಿಕೊಳ್ಳುವಂತಿಲ್ಲ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಗ್ರೀಸಿನ ಹೆರೊಡೋಟಸ್ ಯೂಫ್ರೆಟಿಸ್ ನದಿಯ ದುಂಡುದೋಣಿಗಳನ್ನು ಹೀಗೆಯೇ ವರ್ಣಿಸಿದ. ಅಲ್ಲಿನವರು ಸರಕಿನ ಜೊತೆಗೆ ಒಂದು ಕತ್ತೆಯನ್ನೂ ದೋಣಿಯಲ್ಲಿ ತರುತ್ತಿದ್ದರಂತೆ. ಬಾಬಿಲೋನಿನಲ್ಲಿ ಸರಕು ಮಾರಿ, ದೋಣಿಯ ಕಡ್ಡಿಗಳನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರಿಗೆ ಹಿಂತಿರುಗುತ್ತಿದ್ದರು. ಹೊಳೆಗೆದುರಾಗಿ ದೋಣಿ ನಡೆಸುವುದು ಆಗದ ಮಾತು, ಅದಕ್ಕೇ ಈ ಉಪಾಯ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಒಬ್ಬನೇ ಕೂರುವ ಇಂಥ ಸಣ್ಣ ಬುಟ್ಟಿಯನ್ನು ಬೆನ್ನಿಗೆ ಹಾಕಿಕೊಂಡು ಮೀನು ಹಿಡಿಯಲು ಹೋಗುತ್ತಿದ್ದರು. ಮರ ಕಡಿಮೆ ಇರುವಲ್ಲಿ, ಅಥವಾ ದೊಡ್ಡ ಮರದ ದೋಣಿ ಕೊಳ್ಳುವ ಶಕ್ತಿ ಇಲ್ಲದವರಲ್ಲಿ, ಕಡ್ಡಿಯ ಹಂದರಕ್ಕೆ ತೊಗಲು ಹೊದಿಸುವ ಬುದ್ಧಿ ತಾನಾಗಿಯೇ ಹೊಳೆದಿದೆ.

ಕಯಾಕ್ ಹುಟ್ಟಿದ್ದೂ ಹೀಗೆಯೇ. ಉತ್ತರ ಧ್ರುವದ ಸುತ್ತಮುತ್ತ, ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾಗಳ ಹಿಮದ ತೀರದಲ್ಲಿ ಇನುಯಿಟ್ ಮತ್ತು ಅಲ್ಯೂಟ್ ಜನ ವಾಸಿಸುತ್ತಾರೆ. ಅಲ್ಲಿ ಮರವೇ ಬೆಳೆಯದ ಜಾಗಗಳಿವೆ. ಸಮುದ್ರ ತಂದು ಹಾಕಿದ ಮರದ ತುಂಡು, ತಿಮಿಂಗಿಲದ ಎಲುಬು ಇವುಗಳಿಂದ ಹಂದರ ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ತೊಗಲು ಹೊಲಿದರು. ನಡುವೆ ಒಬ್ಬ ಬೇಟೆಗಾರ ಕೂರುವಷ್ಟು ಕಂಡಿ ಬಿಟ್ಟು ಮೇಲ್ಭಾಗವನ್ನೂ ಮುಚ್ಚಿದರು. ತಣ್ಣೀರು ಒಳಗೆ ಬರದಂತೆ ಬೇಟೆಗಾರನ ಅಂಗಿಯ ಅಂಚನ್ನೇ ಕಂಡಿಯ ಬಾಯಿಗೆ ಬಿಗಿಯುತ್ತಿದ್ದರು. ದೋಣಿ ಮಗುಚಿದರೂ ಹುಟ್ಟಿನ ಒಂದು ಬೀಸಿನಿಂದ ಮತ್ತೆ ಮೇಲೆದ್ದು ಕೂರುವ ವಿದ್ಯೆ ಅವರದು. ಆ ಕೊರೆಯುವ ನೀರಿನಲ್ಲಿ ಈಜುತ್ತೇನೆಂದರೆ ಬದುಕುವಂತಿಲ್ಲ.

ಹರಿಗೋಲಿಗೂ ಕಯಾಕಿಗೂ ಇರುವ ವ್ಯತ್ಯಾಸ ಆಕಾರದ್ದು. ಹರಿಗೋಲು ದುಂಡಗೆ, ತಳ ಚಪ್ಪಟೆ. ಆದ್ದರಿಂದ ಆಳವಿಲ್ಲದ ನೀರಿನಲ್ಲೂ, ಕಲ್ಲುಬಂಡೆಗಳ ನಡುವೆಯೂ ತೇಲುತ್ತದೆ, ಹೆಚ್ಚು ಭಾರ ಹೊರುತ್ತದೆ. ಆದರೆ ನೇರ ಹೋಗಬೇಕಾದರೆ ಅಂಬಿಗ ಮುಂದಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತಾ ತಿರುಗುವುದನ್ನು ತಡೆಯಬೇಕು. ಕಯಾಕ್ ಉದ್ದ, ಸಪೂರ. ಹುಟ್ಟಿಗೆ ಎರಡು ತುದಿಯಲ್ಲೂ ಎಲೆ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹಾಕಿದರೆ ಬಾಣದಂತೆ ಮುಂದೆ ಹೋಗುತ್ತದೆ. ಹರಿಗೋಲು ದಾಟಿಸಲು ಮಾಡಿದ್ದು, ಕಯಾಕ್ ಬೆನ್ನಟ್ಟಲು ಮಾಡಿದ್ದು.

ಬೇಟೆಯ ದೋಣಿ ಆಟದ ದೋಣಿಯಾದದ್ದು ಯೂರೋಪಿನಲ್ಲಿ. ಸ್ಕಾಟ್ಲೆಂಡಿನ ವಕೀಲ ಜಾನ್ ಮೆಕ್‌ಗ್ರೆಗರ್ 1865ರಲ್ಲಿ ಮರದ ಸಣ್ಣ ದೋಣಿ ಮಾಡಿಸಿ, ಅದಕ್ಕೆ ರಾಬ್ ರಾಯ್ ಎಂದು ಹೆಸರಿಟ್ಟು, ಯೂರೋಪಿನ ನದಿ ಸರೋವರಗಳಲ್ಲಿ ಒಬ್ಬನೇ ಸುತ್ತಿ ಬಂದ. ಮರುವರ್ಷ ಪುಸ್ತಕ ಬರೆದ. ಅದನ್ನೋದಿದ ಜನ ರಜೆಯಲ್ಲಿ ದೋಣಿ ನಡೆಸುವ ಹುಚ್ಚು ಹಿಡಿಸಿಕೊಂಡರು. 1905ರಲ್ಲಿ ಜರ್ಮನಿಯ ಆಲ್ಫ್ರೆಡ್ ಹೋಯ್ರಿಖ್ ಎಂಬ ವಿದ್ಯಾರ್ಥಿ, ಬಿಚ್ಚಿ ಮಡಚಿ ಚೀಲದಲ್ಲಿ ತುಂಬಬಹುದಾದ ಕಯಾಕ್ ಮಾಡಿದ. ಯೋಹಾನ್ ಕ್ಲೆಪ್ಪರ್ ಎಂಬ ದರ್ಜಿ ಅದರ ಹಕ್ಕು ಕೊಂಡು ತಯಾರಿಸಲು ತೊಡಗಿದ. ಮರದ ಹಂದರ, ಮೇಲೆ ರಬ್ಬರು ಹಚ್ಚಿದ ಬಟ್ಟೆ. ತೊಗಲಿನ ಜಾಗಕ್ಕೆ ಬಟ್ಟೆ ಬಂತು, ಉಪಾಯ ಹಳೆಯದೇ. ಸಾಮಾನ್ಯ ನೌಕರರೂ ರೈಲಿನಲ್ಲಿ ದೋಣಿಯನ್ನು ಗಂಟಿನಂತೆ ಒಯ್ದು ಹೊಳೆಗಿಳಿಯುವಂತಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕಯಾಕ್ ಸ್ಪರ್ಧೆಯೂ ಸೇರಿತು.

ಇಂಥ ಮಡಚುವ ದೋಣಿಯೊಂದು ನಮ್ಮ ದೇಶದ ತೀರ ಹಿಡಿದು ಹೋದ ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. 1932ರಲ್ಲಿ ಜರ್ಮನಿಯಲ್ಲಿ ಕೆಲಸವಿಲ್ಲದೆ ಕೂತಿದ್ದ ಆಸ್ಕರ್ ಸ್ಪೆಕ್ ಎಂಬವನು ಉಲ್ಮ್ ಪಟ್ಟಣದಲ್ಲಿ ಡಾನ್ಯೂಬ್ ನದಿಗೆ ತನ್ನ ಕಯಾಕ್ ಇಳಿಸಿದ. ಸೈಪ್ರಸ್ ದ್ವೀಪದ ತಾಮ್ರದ ಗಣಿಯಲ್ಲಿ ಕೂಲಿ ಸಿಕ್ಕೀತೆಂಬುದು ಅವನ ಲೆಕ್ಕ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಪರ್ಷಿಯಾದ ತೀರ, ಕರಾಚಿ, ಭಾರತದ ಪಶ್ಚಿಮ ತೀರ ಹಿಡಿದು 1935ರಲ್ಲಿ ಸಿಲೋನ್ ಮುಟ್ಟಿದ. ಮುಂದೆ ಪೂರ್ವ ತೀರದಲ್ಲಿ ಕಲ್ಕತ್ತೆಯ ಕಡೆ ಸಾಗಿ, ಬರ್ಮಾ, ಇಂಡೋನೇಷ್ಯಾ ದಾಟಿ 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಸೈಬಾಯ್ ದ್ವೀಪ ಸೇರಿದ. ಏಳು ವರ್ಷದ ಪ್ರವಾಸ! ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು. ಜರ್ಮನಿಯವನೆಂದು ಅವನನ್ನು ಅಲ್ಲಿ ಸೆರೆಯಲ್ಲಿಟ್ಟರು. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕಡಲೂ ಅವನ ದಾರಿಯಲ್ಲೇ ಬರುತ್ತದೆ. ಹೊಟ್ಟೆಪಾಡು ಹುಡುಕಿಕೊಂಡು ಹೊರಟವನ ದೋಣಿ ಅದು ಎಂಬುದನ್ನು ಮರೆಯಬಾರದು.

ಇನ್ನೊಂದು ಸಾಹಸದ ಕಾಲ ನಮಗೆ ವಿಶೇಷ. ಜರ್ಮನಿಯ ವೈದ್ಯ ಹಾನ್ನೆಸ್ ಲಿಂಡೆಮನ್ 1956ರ ಅಕ್ಟೋಬರ್ 20ರಂದು ಕ್ಯಾನರಿ ದ್ವೀಪಗಳಿಂದ ಒಂದು ಮಡಚುವ ಕಯಾಕಿನಲ್ಲಿ ಒಬ್ಬನೇ ಹೊರಟು, 72 ದಿನಗಳಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಡಿಸೆಂಬರ್ 30ರಂದು ಕೆರಿಬಿಯನ್ ದ್ವೀಪವೊಂದನ್ನು ಮುಟ್ಟಿದ. ನಡುವೆ ಬಂದ ನವೆಂಬರ್ 1ನ್ನು ನಾವು ಬಲ್ಲೆವು. ಅಂದು ಹೈದರಾಬಾದ್ ಸಂಸ್ಥಾನದ ಹಳೆಯ ನಕ್ಷೆ ಹರಿದು ಮೂರು ಪಾಲಾಯಿತು. ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್ ಇವೆಲ್ಲ ಆಂಧ್ರಪ್ರದೇಶಕ್ಕೆ ಬಂದವು. ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಹಾಗೆಯೇ ಬಂದವು. ಒಬ್ಬ ಮನುಷ್ಯ ಬಟ್ಟೆಯ ದೋಣಿಯಲ್ಲಿ ಎರಡು ಖಂಡಗಳ ನಡುವಿನ ನೀರನ್ನು ದಾಟುತ್ತಿದ್ದ ಅದೇ ವಾರ, ನಮ್ಮ ಹೊಳೆಯ ಮಂದಿ ಎರಡು ರಾಜ್ಯದವರಾದರು.

ಆದರೆ ಹರಿಗೋಲಿಗೆ ರಾಜ್ಯದ ಗಡಿ ಗೊತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗಲೂ ಮಳೆಗಾಲದಲ್ಲಿ ಹೆಣ್ಣು ಕೊಡುವುದು, ತರುವುದು, ಜಾತ್ರೆ, ಎತ್ತಿನ ವ್ಯಾಪಾರ ಎಲ್ಲ ಹೊಳೆಯ ಮೇಲೆಯೇ ನಡೆದಿತ್ತು. ಅಂಬಿಗನಿಗೆ ಸುಗ್ಗಿಯಲ್ಲಿ ಜೋಳ ಅಳೆದು ಕೊಡುತ್ತಿದ್ದರು. ಆಚೆಯವರು ಕನ್ನಡದಲ್ಲಿ ಕೂಗಿದರೂ ತೆಲುಗಿನಲ್ಲಿ ಕೂಗಿದರೂ ಮರಾಠಿಯಲ್ಲಿ ಕೂಗಿದರೂ ಅವನು ಓಗೊಡುತ್ತಿದ್ದ. ಅವನ ಬಳಿ ಮೂರು ಭಾಷೆಯ ನೀರಿನ ಮಾತುಗಳಿದ್ದವು: ಸುಳಿ, ಮಡು, ಸೆಳವು, ಕಾಲ್ದಾರಿ. ಎಲ್ಲಿ ಮರಳು ಕುಸಿಯುತ್ತದೆ, ಮೇಲೆ ಲಾತೂರಿನ ಕಡೆ ಮಳೆಯಾದರೆ ಎಷ್ಟು ಹೊತ್ತಿಗೆ ನೀರಿನ ಬಣ್ಣ ಬದಲಾಗುತ್ತದೆ ಎಂಬುದೆಲ್ಲ ಅವನ ತಲೆಯೊಳಗಿನ ಖಾತೆಪುಸ್ತಕ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಲೆಜರ್ ಬರೆದ ನಾನು ಹೇಳುತ್ತೇನೆ, ಅಷ್ಟು ಚೊಕ್ಕ ಲೆಕ್ಕ ನಮ್ಮದಿರಲಿಲ್ಲ.

ಆಮೇಲೆ ಹೊಳೆಯ ರೂಪವೇ ಬದಲಾಯಿತು. ನಿಜಾಮರ ಕಾಲದಲ್ಲೇ 1923ರಿಂದ 1931ರೊಳಗೆ ಕೆಳಭಾಗದಲ್ಲಿ ನಿಜಾಮಸಾಗರ ಕಟ್ಟಿದ್ದರು. ಎಂಬತ್ತರ ದಶಕದಲ್ಲಿ ಸಿಂಗೂರು ಅಣೆಕಟ್ಟು ಎದ್ದಿತು. ಸುಮಾರು 30 ಟಿಎಂಸಿ ನೀರು ಹಿಡಿಯುವ ಆ ಜಲಾಶಯ ಹೈದರಾಬಾದಿಗೆ ಕುಡಿಯುವ ನೀರು ಕೊಟ್ಟಿತು. ಹಿನ್ನೀರಿನಲ್ಲಿ ಹೊಲ, ಊರು, ದಾರಿಗಳು ಮುಳುಗಿದವು. ಸೇತುವೆಗಳಾದವು, ಬಸ್ಸು ಬಂದವು. ಹರಿಗೋಲು ಮೂಲೆ ಸೇರಿತು. ಸೇತುವೆ ಬೇಡವೆಂದು ಯಾರೂ ಹೇಳುವುದಿಲ್ಲ. ಹೆರಿಗೆ ನೋವಿನ ಹೆಣ್ಣುಮಗಳನ್ನು ರಾತ್ರಿ ಬುಟ್ಟಿಯಲ್ಲಿ ದಾಟಿಸಿದ ಸಂಕಟ ಕಂಡವರು ಹಾಗೆ ಹೇಳಲಾರರು. ಆದರೆ ದೋಣಿಯ ಜೊತೆಗೆ ನೀರಿನ ತಿಳಿವಳಿಕೆಯೂ, ಅದರ ಮಾತುಗಳೂ ಹೋದವು.

ಈಗ ಕಡಲ ತೀರಕ್ಕೆ ಹೋಗೋಣ. 2022ರ ಡಿಸೆಂಬರಿನಲ್ಲಿ ಮಗನ ಸಂಸಾರದ ಜೊತೆ ನಾನೂ ಉಡುಪಿ ಸೀಮೆಗೆ ಹೋಗಿದ್ದೆ. ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿನಲ್ಲಿ ಸ್ಥಳೀಯ ಯುವಕರು ಕಯಾಕ್ ನಡೆಸುವುದನ್ನು ಇತ್ತೀಚಿನ ವರ್ಷಗಳಲ್ಲಿ ಆರಂಭಿಸಿದ್ದಾರೆ. ಸೀತಾ ಮತ್ತು ಸ್ವರ್ಣಾ ನದಿಗಳು ಅಲ್ಲಿ ಕಡಲಿಗೆ ಸೇರುವ ಮುನ್ನ ತೀರಕ್ಕೆ ಸಮನಾಗಿ ಹರಿದು, ಕೋಡಿಬೆಂಗ್ರೆಯ ಬಳಿ ಬಾಯಿ ತೆರೆಯುತ್ತವೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ತೆಂಗಿನ ತೋಟದ ಒಂದು ಪಟ್ಟಿ ನೆಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ಈ ಕೋಡಿಯ ನೆಲ ಹೊಸದಲ್ಲ.

ಆ ನೀರಿಗೂ ದೊಡ್ಡ ಚರಿತ್ರೆ ಇದೆ. ಸೀತಾ ನದಿಯ ದಂಡೆಯ ಬಾರಕೂರು ಆಳುಪರ ರಾಜಧಾನಿಯಾಗಿತ್ತು, ವಿಜಯನಗರದ ಕಾಲಕ್ಕೆ ಪ್ರಾಂತದ ಕೇಂದ್ರವಾಯಿತು. ಅಲ್ಲಿಂದ ಉತ್ತರಕ್ಕೆ ಬಸರೂರು ಅಕ್ಕಿಯ ದೊಡ್ಡ ಬಂದರು. ಪೋರ್ಚುಗೀಸರು ಆ ಅಕ್ಕಿಗಾಗಿ ಬಂದರು, 1665ರಲ್ಲಿ ಶಿವಾಜಿ ಕಡಲಿನ ಮೇಲೆ ಬಂದು ಆ ಊರನ್ನು ದೋಚಿದ. ಗದ್ದೆಯಿಂದ ಹಡಗಿನ ತನಕ ಅಕ್ಕಿ ಹೊತ್ತದ್ದು ಹೊಳೆಯ ಸಣ್ಣ ದೋಣಿಗಳೇ. ರಜೆಯ ಜನ ಇಂದು ನೋಡಿ ನಲಿಯುವ ಆ ತಿರುವುಗಳೆಲ್ಲ ಒಂದು ಕಾಲಕ್ಕೆ ಸರಕಿನ ರಸ್ತೆಗಳು.

ದಂಡೆಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕಯಾಕುಗಳು ಸಾಲಾಗಿದ್ದವು. ಎಲ್ಲರಿಗೂ ತೇಲುಅಂಗಿ ತೊಡಿಸಿ, ಬಕ್ಕಲು ಹಾಕಿದೆಯೇ ಎಂದು ಎಳೆದು ನೋಡಿದ ಮೇಲೆಯೇ ನೀರಿಗೆ ಬಿಟ್ಟರು. ನನ್ನ ಮೊಮ್ಮಗಳು ಮುಂದೆ, ನಾನು ಹಿಂದೆ. ಅವಳು ಹೈದರಾಬಾದಿನಲ್ಲಿ ಓದುವ ಹುಡುಗಿ. ಹೊಳೆಯ ಬದಿಯ ಗಿಡಗಳನ್ನು ಅಲ್ಲಿನವರು ಕಾಂಡ್ಲಾ ಎನ್ನುತ್ತಾರೆ. ಉಪ್ಪು ನೀರಿನಲ್ಲೇ ಬೇರು ಬಿಟ್ಟು, ಬೇರುಗಳ ನಡುವೆ ಮೀನುಮರಿ, ಏಡಿಗಳಿಗೆ ಆಸರೆ ಕೊಡುವ ಗಿಡಗಳು. ಆ ಕೊಂಬೆಗಳ ಕೆಳಗೆ ಓಣಿಯಂಥ ಕಾಲುವೆಯಲ್ಲಿ ದೋಣಿ ಸದ್ದಿಲ್ಲದೆ ಹೋಗುತ್ತದೆ. ಬೆಳ್ಳಕ್ಕಿಗಳು ಹತ್ತಿರ ಹೋದರೂ ಏಳುವುದಿಲ್ಲ.

"ಅಜ್ಜಾ, ಈ ಪ್ಯಾಡಲ್‌ಗೆ ಕನ್ನಡದಾಗ ಏನಂತಾರ?" ಎಂದು ಅವಳು ಕೇಳಿದಳು.

"ಹುಟ್ಟು ಅಂತಾರವ್ವಾ."

"ಹುಟ್ಟು ಅಂದ್ರ ಹುಟ್ಟೋದಲ್ಲಾ?"

ನಮ್ಮ ಜೊತೆ ಇನ್ನೊಂದು ದೋಣಿಯಲ್ಲಿ ಬರುತ್ತಿದ್ದ ಕಲಿಸುವ ಹುಡುಗ ನಕ್ಕುಬಿಟ್ಟ. ಅವನು ಮೀನುಗಾರರ ಮನೆಯವನು. ಇಳಿತದ ಹೊತ್ತಾಗುತ್ತಿದೆ, ಇನ್ನು ಸ್ವಲ್ಪದರಲ್ಲಿ ನೀರು ಕಡಲ ಕಡೆ ಎಳೆಯುತ್ತದೆ, ಆಗ ಹಿಂತಿರುಗಲು ನಿಮ್ಮ ಕೈ ಸೋಲುತ್ತದೆ, ಈಗಲೇ ತಿರುಗೋಣ ಎಂದ. ಕೈಗಡಿಯಾರ ನೋಡಿ ಅವನು ಹೇಳಲಿಲ್ಲ. ಕಾಂಡ್ಲಾ ಬೇರಿನ ಮೇಲಿನ ಒದ್ದೆಯ ಗುರುತು ನೋಡಿ ಹೇಳಿದ. ನಮ್ಮ ಮಾಂಜ್ರಾದ ಅಂಬಿಗನ ಲೆಕ್ಕವೂ ಇಂಥದೇ.

ಇದೇ ಈ ಬರಹದ ಮುಖ್ಯ ಮಾತು. ನೀರಿನ ಆಟಕ್ಕೆ ನೀರಿನಲ್ಲಿ ಬದುಕಿದವರೇ ಗುರುಗಳಾಗಬೇಕು. ತೀರದಲ್ಲಿ ಅದು ಸ್ವಲ್ಪಮಟ್ಟಿಗೆ ಆಗುತ್ತಿದೆ. 2024ರ ಮಾರ್ಚಿನಲ್ಲಿ ಮಂಗಳೂರಿನ ಹತ್ತಿರದ ಸಸಿಹಿತ್ಲು ತೀರದಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಅಂತರರಾಷ್ಟ್ರೀಯ ಪಂದ್ಯಾಟ ನಡೆಯಿತು. ಹಂಪಿಯಲ್ಲಿ, ಹೊಗೇನಕಲ್ಲಿನಲ್ಲಿ ಹರಿಗೋಲಿನವರು ಪ್ರವಾಸಿಗರನ್ನು ಕೂರಿಸಿಕೊಂಡು ಸಂಸಾರ ಸಾಗಿಸುತ್ತಾರೆ. ಹಿಂದೆ ದಾಟಿಸಿ ಕಾಳು ಪಡೆದವರು ಈಗ ತಿರುಗಿಸಿ ಕಾಸು ಪಡೆಯುತ್ತಾರೆ. ಇದರಲ್ಲಿ ನಾಚಿಕೆ ಏನಿಲ್ಲ.

ಆದರೆ ಹೊಟ್ಟೆಪಾಡಿನ ದೋಣಿ ಎಲ್ಲ ಕಡೆ ಆಟದ ದೋಣಿಯಾಗಿಲ್ಲ. ರಾಯಚೂರು ತಾಲೂಕಿನ ಕೃಷ್ಣಾ ನದಿಯ ನಡುಗಡ್ಡೆಗಳ ಜನಕ್ಕೆ ಹರಿಗೋಲು ಇತ್ತೀಚಿನ ವರ್ಷಗಳವರೆಗೂ ನಿತ್ಯದ ದಾರಿಯಾಗಿತ್ತು. 2020ರ ಆಗಸ್ಟ್ ತಿಂಗಳಲ್ಲಿ, ತೆಲಂಗಾಣದ ದಂಡೆಗೂ ಕುರ್ವಕಲಾ ನಡುಗಡ್ಡೆಗೂ ನಡುವೆ, ತುಂಬಿದ ಹೊಳೆಯಲ್ಲಿ ಹದಿಮೂರು ಜನ ಕೂತಿದ್ದ ಹರಿಗೋಲು ಮಗುಚಿತು. ಒಂಬತ್ತು ಜನ ಉಳಿದರು, ನಾಲ್ವರು ನೀರುಪಾಲಾದರು. ಇವರು ವಿಹಾರಕ್ಕೆ ಹೋದವರಲ್ಲ, ಮನೆಗೆ ಹೊರಟವರು. ಅದೇ ಕರ್ನಾಟಕದ ತೀರದಲ್ಲಿ ಒಂದು ತಾಸು ಆಡಲು ಹೋದ ನನಗೂ ನನ್ನ ಮೊಮ್ಮಗಳಿಗೂ ತೇಲುಅಂಗಿ ತೊಡಿಸದೆ ಬಿಡಲಿಲ್ಲ. ಆಟಕ್ಕೆ ಸಿಗುವ ರಕ್ಷಣೆ ಬದುಕಿಗೆ ಮೊದಲು ಸಿಗಬೇಕು. ಒಂದು ತೇಲುಅಂಗಿಯ ಬೆಲೆ ಒಂದು ಚೀಲ ಗೊಬ್ಬರದಷ್ಟೋ ಇನ್ನು ಸ್ವಲ್ಪ ಹೆಚ್ಚೋ ಆದೀತು. ಪಂಚಾಯತಿಗಳು ಮನಸ್ಸು ಮಾಡಿದರೆ ಅದು ದೊಡ್ಡ ಖರ್ಚಲ್ಲ.

ರಜೆಯಲ್ಲಿ ತೀರಕ್ಕೆ ಹೋಗುವ ಓದುಗರಿಗೆ ನಾಲ್ಕು ಮಾತು. ಮಳೆಗಾಲದಲ್ಲಿ ಹೋಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಯಾಂತ್ರಿಕ ದೋಣಿಗಳೇ ಮೀನುಗಾರಿಕೆ ನಿಲ್ಲಿಸಿ ದಡದಲ್ಲಿರುತ್ತವೆ. ಅಕ್ಟೋಬರಿನ ನಂತರ ನೀರು ತಿಳಿಯಾಗುತ್ತದೆ. ಭರತ ಇಳಿತದ ಹೊತ್ತು ಕೇಳಿಕೊಂಡು ಇಳಿಯಿರಿ. ತೇಲುಅಂಗಿ ಇಲ್ಲದೆ, ಜೊತೆಗೆ ಊರಿನವರಿಲ್ಲದೆ ಹೊಳೆಬಾಯಿಯ ಕಡೆ ಹೋಗಬೇಡಿ. ಹೊಳೆ ಕಡಲಿಗೆ ಸೇರುವಲ್ಲಿ ಮೇಲೆ ಶಾಂತವಾಗಿ ಕಂಡರೂ ಅಡಿಯಲ್ಲಿ ಸೆಳವಿರುತ್ತದೆ.

ನಮ್ಮ ಮಾಂಜ್ರಾದಲ್ಲೇ ಕಯಾಕ್ ಯಾಕೆ ಬೇಡ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಸಿಂಗೂರಿನ ಕೆಳಗೆ, ಸಂಗಾರೆಡ್ಡಿಯ ಹತ್ತಿರ, 1978ರಲ್ಲಿ ಮಾಡಿದ ಮಂಜೀರ ವನ್ಯಧಾಮವಿದೆ. ಅದು ಮೊಸಳೆಗಳ ಮನೆ. ಅದಲ್ಲದೆ ಇದು ಕುಡಿಯುವ ನೀರು. ಆದ್ದರಿಂದ ಮನಸ್ಸಿಗೆ ಬಂದಲ್ಲಿ ದೋಣಿ ಇಳಿಸುವಂತಿಲ್ಲ, ಅನುಮತಿ ಬೇಕು, ಜಾಗ ನೋಡಿ ಆರಿಸಬೇಕು. ಅದು ಸರ್ಕಾರದ ಕೆಲಸ. ನಾವು ಮಾಡಬಹುದಾದ ಕೆಲಸ ಇನ್ನೊಂದಿದೆ. ಮನೂರ್ ಕಡೆಯ ಹೊಳೆದಂಡೆಯ ಊರುಗಳಲ್ಲಿ ಹರಿಗೋಲು ಹೆಣೆದ, ನಡೆಸಿದ ಮುದುಕರು ಇನ್ನೂ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ನಮ್ಮ ಶಾಲೆಯ ಮಕ್ಕಳು ಅವರ ಬಳಿ ಒಂದು ದಿನ ಕೂತು, ಹೊಳೆಯ ಹೆಸರುಗಳನ್ನು, ಮಡುಗಳ ಹೆಸರುಗಳನ್ನು, ದೋಣಿ ಕಟ್ಟುವ ಬಗೆಯನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಕನ್ನಡದಲ್ಲಿ ಬರೆಯಲಿ, ತೆಲುಗಿನಲ್ಲಿಯೂ ಬರೆಯಲಿ. ಇದಕ್ಕೆ ಯಾರ ಮಂಜೂರಿಯೂ ಬೇಕಿಲ್ಲ. ಬರುವ ಬೇಸಿಗೆ ರಜೆಗೇ ಶುರು ಮಾಡಬಹುದು. ಆ ಮುದುಕರ ವಯಸ್ಸು ನೋಡಿದರೆ, ಅದರ ಮುಂದಿನ ರಜೆಗೆ ಎಂದು ಕಾಯುವಂತಿಲ್ಲ.